ಸೆಲ್ಫಿ ಕ್ಯಾಮೆರಾ ಬಗ್ಗೆ ಎರಡು ಮಾತು

ಫೋನಿನ ತೂಕದಿಂದ ಶುರು ಮಾಡಲೋ, ಪುಟ್ಟಗೌರಮ್ಮನ ಕೈಯಿಂದಲೋ? ತೂಕದಿಂದ ಮಾಡಿದರೆ ವಿಮರ್ಶೆ, ಕೈಯಿಂದ ಮಾಡಿದರೆ ಕಥೆ. ಪತ್ರಿಕೆಯವರು ಕೇಳಿದ್ದು ವಿಮರ್ಶೆ.

ಮೊದಲ ಡ್ರಾಫ್ಟ್ ಹೀಗಿತ್ತು: "ಕಡಿಮೆ ಬೆಲೆಯ ಈ ಟಚ್‌ಸ್ಕ್ರೀನ್ ಫೋನು ಕೈಯಲ್ಲಿ ಇಟ್ಟಿಗೆಯ ಹಾಗೆ ಕೂರುತ್ತದೆ. ಬಿಸಿಲಿನಲ್ಲಿ ಸ್ಕ್ರೀನ್ ಕಾಣುವುದಿಲ್ಲ. ಸೆಲ್ಫಿ ಕ್ಯಾಮೆರಾ ದಂಡ. ಸ್ವಲ್ಪ ಅಲ್ಲಾಡಿದರೂ ಚಿತ್ರ ಕಲಸಿದ ರಾಗಿಹಿಟ್ಟು."

ಇಷ್ಟು ಬರೆದು, ಅರಕೆರೆಯ ನಮ್ಮ ಮನೆ ಜಗಲಿ ಮೇಲೆ ಕೂತು, ನನ್ನ ಉಪಮೆಗೆ ನಾನೇ ನಗುತ್ತಿದ್ದೆ. ಆಗ ಪಕ್ಕದ ಮನೆ ರಂಗಣ್ಣ ಬಂದ. ಡ್ರಾಫ್ಟು ಅಲ್ಲಿಗೇ ನಿಂತಿತು.

೧

ರಂಗಣ್ಣ ಅಂದರೆ ರಂಗಸ್ವಾಮಿ. ಎರಡು ಹಸು, ಒಂದು ಬಟನ್ ಫೋನು. ಅವನ ಹೆಂಡತಿ ಜಯಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಜಯಕ್ಕನ ತಂಗಿ ಪುಟ್ಟಗೌರಮ್ಮನಿಗೂ ಹಾಗೇ. ತಂಗಿಯನ್ನು ಕೊಟ್ಟಿರುವುದು ನಾಗಮಂಗಲದ ಆಚೆಯ ಒಂದು ಹಳ್ಳಿಗೆ. ಚಿಕ್ಕಂದಿನಲ್ಲಿ ಅಕ್ಕತಂಗಿ ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಭೂಮಿ ಮೇಲೆ ಅದನ್ನು ಬಲ್ಲವರು ಇಬ್ಬರೇ.

("ಭೂಮಿ ಮೇಲೆ" ಅನ್ನುವುದು ದೊಡ್ಡ ಮಾತಾಯಿತೇನೋ ಅಂತ ಹೊಡೆದು ಹಾಕಿದೆ. ಯೋಚಿಸಿದರೆ ನಿಜವೇ. ಮತ್ತೆ ಬರೆದೆ.)

"ಲೇ ದಿಲೀಪ, ನಾದಿನಿ ಕೈ ಮೇವ್ ಕತ್ತರ್ಸೋ ಮಿಷನ್‌ಗೆ ಸಿಕ್ಬುಟ್ಟದೆ ಕಣ್ಲಾ," ಅಂದ ರಂಗಣ್ಣ. "ಬಲಗೈ. ಬೆರಳೆಲ್ಲಾ ಅವೆ, ಡಾಕುಟ್ರು ಒಲಿಗೆ ಆಕವ್ರೆ. ಆದ್ರೂ ನೆನ್ನೆಯಿಂದ ಊಟ ಬುಟ್ಟವ್ಳಂತೆ. ಸ್ನೇಹ ಫೋನ್ ಮಾಡ್ಕೊಂಡು ಅಳ್ತಾವ್ಳೆ."

ಸ್ನೇಹ ಪುಟ್ಟಗೌರಮ್ಮನ ಮಗಳು. ಅವ್ವ ಯಾಕೆ ಉಣ್ಣುತ್ತಿಲ್ಲ ಅಂತ ಅವಳಿಗೂ ಗೊತ್ತಿಲ್ಲ. ಕೈಯನ್ನು ಚೆಂಡಿನ ಹಾಗೆ ಸುತ್ತಿದ್ದಾರೆ, ಒಂದು ಉಗುರೂ ಕಾಣದು. ಐದೂ ಸರಿಯಾಗಿವೆ ಅಂತ ತನ್ನ ಐದು ಬೆರಳು ಎತ್ತಿ ತೋರಿಸಿದರೆ ಅವ್ವ ಇನ್ನೂ ಅಳುತ್ತಾಳಂತೆ.

"ನಾಳೆ ಜಯನ್ನ ಕರ್ಕೊಂಡ್ ಓಯ್ತೀನಿ. ಶ್ರೀರಂಗಪಟ್ಟಣ, ಪಾಂಡವಪುರ, ಅಲ್ಲಿಂದ ನಾಗಮಂಗ್ಲ. ಮೂರ್ ಬಸ್ಸು."

ನನ್ನ ತೊಡೆಯ ಮೇಲೆ ಫೋನಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಐದು ವರ್ಷದಿಂದ ಒಂದಲ್ಲ ಒಂದು ಫೋನು ಹಿಡಿದು ಇವರ ಗೋಡೆ ಪಕ್ಕದಲ್ಲೇ ಕೂತಿದ್ದೇನೆ. ಜಯಕ್ಕನಿಗೆ ಒಂದು ವಿಡಿಯೋ ಕಾಲ್ ಮಾಡಿಕೊಡಬೇಕು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಕಿವಿ ಕೇಳದವರಿಗೆ ಫೋನ್ಯಾಕೆ ಅಂದುಕೊಂಡವರಲ್ಲಿ ನಾನೂ ಒಬ್ಬ.

೨

ಹಿತ್ತಿಲ ನೆರಳಿನಲ್ಲಿ ಫೋನನ್ನು ಹಾಲಿನ ಕ್ಯಾನಿಗೆ ಒರಗಿಸಿ, ಸ್ನೇಹಳ ಫೋನಿಗೆ ವಿಡಿಯೋ ಕಾಲ್ ಮಾಡಿದೆವು. ಗಂಡಹೆಂಡಿರ ನಡುವೆ ಬೇರೆ ಸನ್ನೆಗಳಿವೆ. ಹಸು, ಊಟ, ಗಾಯ, ಇಷ್ಟಕ್ಕೆ ಸಾಲುವಷ್ಟು. ಅದರಲ್ಲೇ ರಂಗಣ್ಣ ವಿಷಯ ತಿಳಿಸಿದ್ದ: ಗಾಯ ಆಗಿದೆ, ಬೆರಳು ಇವೆ, ಉಣ್ಣುತ್ತಿಲ್ಲ.

ಸ್ಕ್ರೀನಿನಲ್ಲಿ ಪುಟ್ಟಗೌರಮ್ಮ ಬಂದಳು. ಅಕ್ಕನನ್ನು ಕಂಡದ್ದೇ ಎಡಗೈ ಎತ್ತಿ ಏನೋ ಹೇಳಹೊರಟು ಅರ್ಧಕ್ಕೆ ನಿಂತಳು. ಆ ಮಾತಿಗೆ ಎರಡು ಕೈ ಬೇಕಿತ್ತು. ಎಡಗೈ ಗಾಳಿಯಲ್ಲೇ ಕಾಯುತ್ತಿತ್ತು.

ಜಯಕ್ಕ ತನ್ನ ಬಲಗೈಯನ್ನು ಕ್ಯಾಮೆರಾ ಮುಂದೆ ಹಿಡಿದು ಉಳಿದರ್ಧ ತುಂಬಿದಳು.

ಒಂದೇ ಮಾತು. ಅರ್ಧ ನಾಗಮಂಗಲ ತಾಲೂಕಿನಲ್ಲಿ, ಅರ್ಧ ಶ್ರೀರಂಗಪಟ್ಟಣ ತಾಲೂಕಿನಲ್ಲಿ. (ಇಲ್ಲೊಂದು ಉಪಮೆ ಇತ್ತು. ತೆಗೆದೆ.)

ಆಮೇಲೆ ಕೈಗಳು ಓಡತೊಡಗಿದವು. ಕ್ಯಾಮೆರಾ ಸೋತಿತು, ಬೆರಳೆಲ್ಲ ಕಲಸಿಹೋದವು. ನಾನು ಕಂಪನಿಯನ್ನು ಬೈದುಕೊಳ್ಳುವಷ್ಟರಲ್ಲಿ ಜಯಕ್ಕನಿಗೆ ತಿಳಿದುಬಿಟ್ಟಿತ್ತು, ಈ ಫೋನಿಗೆ ಕಿವಿ ಮಂದ ಅಂತ. ಕಿವಿ ಮಂದವಾದವರ ಹತ್ತಿರ ನಾವೆಲ್ಲ ಮಾತಾಡುವ ಹಾಗೆ ಬಿಡಿಸಿ, ನಿಧಾನವಾಗಿ ಕೈಯಾಡಿಸಿದಳು. ತಂಗಿಯೂ ನಿಧಾನವಾದಳು.

ಸ್ವಲ್ಪ ಹೊತ್ತಿಗೆ ಜಯಕ್ಕ ಗಂಡನ ಕಡೆ ತಿರುಗಿ, ಐದು ಬೆರಳು ಎತ್ತಿ, ಇನ್ನೊಂದು ಅಂಗೈಯಿಂದ ಅಷ್ಟನ್ನೂ ಕಡಿದು ಹಾಕಿದ ಹಾಗೆ ಮಾಡಿದಳು.

"ಅಯ್ಯೋ ಶಿವ್ನೇ!" ಅಂದ ರಂಗಣ್ಣ. "ಇವ್ರು ಐದ್ ಬೆರಳು ತೋರ್ಸುದ್ರೆ, ಐದೂ ಓದ್ವು ಅಂತ ತಿಳ್ಕಂಡವ್ಳೆ ಕಣ್ಲಾ!"

ಬೆರಳು ಹೋದರೆ ಅವಳ ಪಾಲಿಗೆ ಮಾತೇ ಹೋದ ಹಾಗೆ. ನೆನ್ನೆಯಿಂದ ಅವಳು ಹೊತ್ತುಕೊಂಡು ಕೂತದ್ದು ಅದನ್ನು.

ಜಯಕ್ಕ ತನ್ನ ಬಲಗೈ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಒಂದೊಂದರ ಬಗ್ಗೆಯೂ ಏನೋ ಹೇಳಿದಳು. ಪ್ರತಿ ಸಲವೂ ಪುಟ್ಟಗೌರಮ್ಮ ತನ್ನ ಬ್ಯಾಂಡೇಜನ್ನು ನೋಡಿದಳು, ಅಕ್ಕನನ್ನು ನೋಡಿದಳು. ಕಿರುಬೆರಳು ಮುಗಿದಾಗ ಆ ಬಿಳಿ ಚೆಂಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ದೊಡ್ಡಪ್ಪಾ," ಸ್ನೇಹ ಅಲ್ಲಿಂದ ಕೂಗಿದಳು, "ಅವ್ವ ಅನ್ನ ಕೇಳ್ತಾವ್ಳೆ!"

೩

ಈ ಜಾಗದಲ್ಲಿ ರಂಗಣ್ಣ ಅತ್ತ ಅಂತ ಬರೆದಿದ್ದೆ. ಅವನಿಗೇ ಓದಿ ಹೇಳಿದೆ.

"ನಾನ್ಯಾವಾಗ್ಲಾ ಅತ್ತಿದ್ದು? ಬೀಡಿ ಒಗೆ ಕಣ್ಣಿಗೋಯ್ತು."

"ನೀನು ಬೀಡಿ ಸೇದಲ್ವಲ್ಲಣ್ಣ."

"ನಿನ್ ಕತೇಲಿ ಸೇದ್ಲಿ ಬುಡು."

ಸೇದಲಿ.

ಅನ್ನ ಬಂತು, ಉಂಡಳು, ಶುಭಂ. ಇದು ಮುಕ್ತಾಯ ಒಂದು. ಆದರೆ ಅಕ್ಕತಂಗಿ ಮುಗಿಸಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದರು. ಒಮ್ಮೆ ಜಯಕ್ಕ ಗದರಿದಳು, ಒಮ್ಮೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮುಕ್ತಾಯ ಎರಡರಲ್ಲಿ ಸತ್ತ ತಾಯಿಯನ್ನು ನೆನೆದರು ಅಂತ ಬರೆದೆ. ಮೂರರಲ್ಲಿ ಗಂಡಂದಿರನ್ನು ಆಡಿಕೊಂಡರು ಅಂತ. ಎರಡೂ ನನ್ನ ಕಟ್ಟುಕತೆ. ಅವತ್ತು ಹಿತ್ತಿಲಲ್ಲೇ ಕೇಳಿದ್ದೆ:

"ಏನು ಮಾತಾಡ್ತಾವ್ರೆ, ರಂಗಣ್ಣ?"

"ಮದ್ವೆಯಾಗಿ ಇಪ್ಪತ್ತೆಂಟ್ ವರ್ಸ ಆಯ್ತು. ನಂಗೇ ತಿಳ್ದಿಲ್ಲ, ನಿಂಗೇನ್ಲಾ ಏಳ್ಳಿ?"

ಎರಡನ್ನೂ ಹರಿದೆ. ನನಗೆ ತಿಳಿದದ್ದು ಇಷ್ಟೇ: ಮಾತಿನ ನಡುವೆ ತಂಗಿ ಏನೋ ಕೇಳಿದಳು. ಆ ಹುಡುಗ ಯಾರು ಅಂತ ಇರಬೇಕು. ಜಯಕ್ಕ ಫೋನನ್ನು ನನ್ನ ಕಡೆ ತಿರುಗಿಸಿ, ನನ್ನನ್ನು ಅಡಿಯಿಂದ ಮುಡಿವರೆಗೂ ನೋಡಿ, ಎರಡು ಬೆರಳನ್ನು ಹುಬ್ಬಿಗೆ ತಾಗಿಸಿ, ಗಾಳಿಯಲ್ಲಿ ಸಣ್ಣಗೆ ತಿರುವಿದಳು. ಪುಟ್ಟಗೌರಮ್ಮ ಎಡಗೈಯಲ್ಲಿ ಅದನ್ನೇ ಮಾಡಿ ನಕ್ಕಳು.

ನನಗೆ ಹೆಸರಿಟ್ಟರು. ಬುದ್ಧಿವಂತ ಅಂತಲೋ, ಪೆದ್ದ ಅಂತಲೋ.

ನಾನೂ ಎರಡು ಬೆರಳನ್ನು ಹುಬ್ಬಿಗೆ ತಾಗಿಸಿ ತಿರುವಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು, ಉಚ್ಚಾರ ತಪ್ಪಾಗಿರಬೇಕು. ಜಯಕ್ಕ ಎದ್ದು ಬಂದು ನನ್ನ ಬೆರಳು ಹಿಡಿದು ತಿದ್ದಿದಳು. ಇನ್ನೊಮ್ಮೆ ಮಾಡಿದೆ. ಅಲ್ಲ ಅಂತ ತಲೆಯಾಡಿಸಿದಳು. ಮತ್ತೊಮ್ಮೆ ಬೆರಳನ್ನು ಹುಬ್ಬಿಗೆ ತಾಗಿಸಿದೆ.