ಸರೀನಾ?

ತಮ್ಮ ಹೋದ ಸುದ್ದಿ ಬಂದಾಗ ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದೆ. ಗೋದಾಮಿನ ಗುಮಾಸ್ತ ಬಾಗಿಲಲ್ಲಿ ನಿಂತು, ಸರಕಿನ ಲಿಫ್ಟು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ ಎಂದಷ್ಟೇ ಹೇಳಿದ. ಉಳಿದದ್ದು ಅವನ ಮುಖದಲ್ಲಿತ್ತು.

ಮೇಲಿನ ಅಂತಸ್ತಿಗೆ ಬಂದ ಪೆಟ್ಟಿಗೆಗಳನ್ನು ಲಿಫ್ಟಿನಿಂದ ಎಳೆದುಕೊಳ್ಳುವುದು ತಮ್ಮನ ಕೆಲಸ. ಕೈ ಚಾಚುವ ಮೊದಲು ಕೆಳಗಿನವರನ್ನು “ಸರೀನಾ?” ಎಂದು ಕೂಗಿ ಕೇಳದೆ ಇರುತ್ತಿರಲಿಲ್ಲ. ಕಡೆಗೆ ಅದೇ ಅವನ ಅಡ್ಡಹೆಸರಾಯಿತು. “ಮದುವೆಯ ದಿನ ನನ್ನ ಕೈ ಹಿಡಿಯುವಾಗಲೂ ಇವರು ಸರೀನಾ ಎಂದು ಕೇಳಿದ್ದರು” ಎಂದು ಅವನ ಹೆಂಡತಿ, ಬದುಕಿದ್ದಷ್ಟು ದಿನ, ನಮ್ಮನ್ನೆಲ್ಲ ನಗಿಸುತ್ತಿದ್ದಳು.

ಆ ಲಿಫ್ಟಿನ ಪ್ರೋಗ್ರಾಂ ಬರೆದವಳು ಅವನ ಮಗಳೇ. ಲಿಫ್ಟು ಮೀಟರಿನ ಹತ್ತನೇ ಒಂದು ಭಾಗ ಏರಿದಂತೆಲ್ಲ ಪ್ರೋಗ್ರಾಂ ಅದನ್ನು ಕೂಡಿಸುತ್ತ ಹೋಗುವುದು. ಮೊತ್ತ ಅಂತಸ್ತಿನ ಎತ್ತರಕ್ಕೆ ಸಮನಾದೊಡನೆ ನಿಲ್ಲಿಸುವುದು. ಎತ್ತರವನ್ನೂ ಅವಳು ಹೀಗೆಯೇ ಕೂಡಿಸಿ ಮೊದಲೇ ಮೆಮೊರಿಯಲ್ಲಿ ಇಟ್ಟಿದ್ದಳು. ಯಂತ್ರ ತಡವರಿಸುತ್ತದೆ ಎಂದು ದೂರು ಬಂದದ್ದರಿಂದ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ, ಇನ್ನಷ್ಟು ವೇಗವಾಗಿ ಓಡುವಂತೆ ಮಾಡೆಂದು ಸೂಚನೆ ಕೊಟ್ಟಳು. ಮಾರನೆಯ ಬೆಳಿಗ್ಗೆ ಗುಮಾಸ್ತ ನಮ್ಮ ಬಾಗಿಲಿಗೆ ಬಂದ.

ಏನಾಯಿತೆಂದು ಅವಳು ನನಗೆ ಅಡುಗೆಮನೆಯ ನೆಲದ ಮೇಲೆ ಕೂತು ತಿಳಿಸಿದಳು. ಮೂರನೇ ಒಂದು ಭಾಗವನ್ನು ನಾವು ದಶಾಂಶದಲ್ಲಿ ಬರೆಯಹೊರಟರೆ ಮೂರು, ಮೂರು ಎಂದು ಮುಗಿಯುವುದೇ ಇಲ್ಲ. ಸೊನ್ನೆ, ಒಂದರಲ್ಲೇ ಎಣಿಸುವ ಯಂತ್ರಕ್ಕೆ ಹತ್ತನೇ ಒಂದು ಭಾಗವೂ ಹಾಗೆಯೇ; ಎಲ್ಲಾದರೂ ಕತ್ತರಿಸಲೇಬೇಕು. ಆ ಹಳೆಯ ಪ್ರೊಸೆಸರು ಲೆಕ್ಕ ಮಾಡುವಾಗ ತನ್ನೊಳಗೆ ಹೆಚ್ಚಿನ ಅಂಕಿಗಳ ಉದ್ದನೆಯ ಬಾಲ ಇಟ್ಟುಕೊಂಡಿರುತ್ತದೆ, ಮೆಮೊರಿಗೆ ಇಳಿಸುವಾಗ ಅದನ್ನು ಕತ್ತರಿಸುತ್ತದೆ. ವೇಗಕ್ಕೆಂದು ಕಂಪೈಲರು ಆ ಇಳಿಸುವ ಕೆಲಸವನ್ನೇ ಬಿಟ್ಟಿತು. ಬಾಲವಿದ್ದ ಮೊತ್ತ, ಬಾಲವಿಲ್ಲದ ಎತ್ತರಕ್ಕೆ ಸಮನಾಗಲೇ ಇಲ್ಲ. ಲಿಫ್ಟು ಏರುತ್ತಲೇ ಹೋಯಿತು, ಪೆಟ್ಟಿಗೆಗೆ ಕೈ ಚಾಚಿದ್ದ ಅಪ್ಪ ಅದಕ್ಕೆ ಸಿಕ್ಕಿಕೊಂಡರು.

ವಿಚಾರಣೆಯಲ್ಲಿ ಇದನ್ನೇ ಹೇಳಿದಳು. ತನಿಖೆಗೆ ಬಂದ ಅಧಿಕಾರಿ ಒಳ್ಳೆಯವರೇ. ಪ್ರೋಗ್ರಾಂ ಓದಿ ನೋಡಿದರು.

“ಸಮ ಆದ್ರೆ ನಿಲ್ಲು ಅಂತ ಬರೆದಿದೀಯ. ಇದರಲ್ಲಿ ತಪ್ಪೇನಿದೆಯಮ್ಮ?”

ಓಡಿಸಿ ತೋರಿಸುತ್ತೇನೆ ಎಂದಳು. ಆದರೆ ಸಾವಾದ ಮೇಲೆ ಹೊಸ ನಿಯಮ ಬಂದಿತ್ತು: ಎಷ್ಟು ಏರಿತೆಂಬ ಅಂಕಿ ಪರದೆಯ ಮೇಲೆ ಕಾಣದೆ ಲಿಫ್ಟು ಓಡಿಸಕೂಡದು. ಅಂಕಿ ತೋರಿಸಲು ಒಂದು ಸಾಲು ಸೇರಿಸಿದಳು. ತೋರಿಸಬೇಕಾದರೆ ಮೊತ್ತ ಮೆಮೊರಿಗೆ ಇಳಿಯಬೇಕು. ಇಳಿದರೆ ಬಾಲ ಹೋಗುತ್ತದೆ. ಎಷ್ಟು ಸಲ ಓಡಿಸಿದರೂ ಲಿಫ್ಟು ಗೆರೆ ಎಳೆದಂತೆ ಬಂದು ನಿಂತಿತು. ಆ ಸಾಲು ತೆಗೆದು ಒಂದೇ ಒಂದು ಸಲ ಓಡಿಸಲು ಬಿಡಿ ಎಂದು ಬೇಡಿಕೊಂಡಳು. ನಿಯಮ ನಿಯಮವೇ ಎಂದರು.

ಆಮೇಲೆ ಕೆಳಗೆ ಪೆಟ್ಟಿಗೆ ತುಂಬುವವನನ್ನು ಕರೆದರು. ತಮ್ಮನ ಹಳೆಯ ಗೆಳೆಯ ಆತ. ಸತ್ತವನ ಬಗ್ಗೆ ಒಳ್ಳೆಯ ಮಾತೇ ಆಡುತ್ತಿದ್ದೇನೆ ಎಂದುಕೊಂಡಿದ್ದ.

“ಏನೋ, ಇವತ್ತು ಸರೀನಾ ಅಂತ ಕೇಳಲ್ವೇನೋ ಅಂದೆ ಸ್ವಾಮಿ. ‘ನನ್ನ ಮಗಳು ರಿಪೇರಿ ಮಾಡಿದಾಳೆ ಕಣೋ, ಅವಳು ನಿಲ್ಲು ಅಂದ್ರೆ ನಿಲ್ಲುತ್ತೆ’ ಅಂದ. ನಗ್ತಾನೇ ಕೈ ಚಾಚಿದ.”

ವರದಿಯಲ್ಲಿ ಅದು ‘ಮೃತನ ಅಜಾಗರೂಕತೆ’ ಆಯಿತು. ಹಳೆಯ ಪ್ರೊಸೆಸರನ್ನು ಕಿತ್ತು ಗುಜರಿಗೆ ಹಾಕಿದರು. ಹೊಸದು ಅಂಥ ಬಾಲ ಇಟ್ಟುಕೊಳ್ಳುವುದಿಲ್ಲವಂತೆ. ಇನ್ನು ತೋರಿಸುವುದಕ್ಕೂ ಏನೂ ಉಳಿದಿಲ್ಲ.

“ತಪ್ಪು ನಂದು ದೊಡ್ಡಪ್ಪ,” ಎಂದಳು ಹುಡುಗಿ. “ನಂದು ಅಂತ ಬರ್ಕೊಳ್ಳಿ ಅಂದ್ರೂ ಬರ್ಕೊಳ್ತಿಲ್ಲ.”

ನಿನ್ನದಲ್ಲ ಎಂದರೆ ಅವಳ ಅಪ್ಪ ಅಜಾಗರೂಕನಾಗುತ್ತಾನೆ. ನಿನ್ನದೇ ಎಂದರೆ ಇವಳೂ ನಮಗೆ ಉಳಿಯುವುದಿಲ್ಲ. ಊಟ ಆರುತ್ತಿದೆ, ಏಳಮ್ಮ ಎಂದೆ. ಅವಳು ಏಳಲಿಲ್ಲ. ನಾನೂ ತಟ್ಟೆ ಮುಚ್ಚಿಟ್ಟು ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿದೆ.

ದೇವರೇ, ಜನ ನೋಡಲು ಬಂದಾಗ ಯಂತ್ರ ಬೇರೆಯಾಯಿತು. ನೀನು ಆ ಬೆಳಿಗ್ಗೆ ಅಲ್ಲಿದ್ದೆ, ಇದ್ದದ್ದನ್ನು ಇದ್ದ ಹಾಗೆಯೇ ನೋಡಿದವನು ನೀನೊಬ್ಬನೇ. ಆಯುಷ್ಯವೆಲ್ಲ ಕೇಳಿ ಕೇಳಿ ಕೈ ಚಾಚಿದವನು ಅವನು. ಕೇಳದೆ ಚಾಚಿದ್ದು ಒಂದೇ ಸಲ, ಅದೂ ಮಗಳ ಮೇಲಿನ ನಂಬಿಕೆಯಿಂದ. ಆ ಕೈಯನ್ನು ನೀನು ಹಿಡಿದುಕೋ. ನನ್ನ ತಮ್ಮನಿಗೆ ಶಾಂತಿ ಕೊಡು.