ಪಲಂಗ್ಗ ಅಂದರೆ ಮಂಚವಲ್ಲ

ಹಡಗಿನಿಂದ ಮನೆಗೆ ಬಂದಾಗಲೆಲ್ಲ ನಾಗೇಂದ್ರ ಮೊದಲ ವಾರವಿಡೀ ನಿದ್ದೆ ಮಾಡುತ್ತಿದ್ದ. ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಅವನು ಫಿಟ್ಟರ್. ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ, ಉಳಿದದ್ದು ಹೆಬ್ಬಾಳದ ಮನೆಯಲ್ಲಿ. ಈ ಸಲ ಮಾತ್ರ ನಿದ್ದೆಯಿಲ್ಲ. ಬೆಳಿಗ್ಗೆ ಕಾಫಿ ಕುಡಿದವನೇ ಮೊಬೈಲ್ ಹಿಡಿದು ತಾರಸಿ ಹತ್ತುತ್ತಿದ್ದ. ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಏನೋ ಗೊಣಗುತ್ತಿದ್ದ.

ಮೊದಲು ಗಮನಿಸಿದವಳು ಅವನ ತಾಯಿ ಮಂಚಮ್ಮ.

"ನಿನ್ ಗಂಡ ಅದ್ಯಾಕವ್ವ ಒಬ್ನೇ ಮಾತಾಡ್ಕತಾನೆ? ಪಲ್ಲಂಗ, ಪಲ್ಲಂಗ ಅಂತಿದ್ದ. ಹೊಸ ಮಂಚ ಏನಾರ ಮಾಡುಸ್ತಾನಾ?"

ಸೊಸೆ ಅನುಪಮಾ ನಕ್ಕಳು. ಅವಳು ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಬೇಸಿಗೆ ರಜೆಯಾದ್ದರಿಂದ ಮನೆಯಲ್ಲೇ ಇದ್ದಳು. ಮರುದಿನ ಬಟ್ಟೆ ಒಣಹಾಕಲು ಹೋದಾಗ ಗಂಡನನ್ನೇ ಕೇಳಿದಳು.

"ಸೆಬುವಾನೊ ಅಂತ, ಫಿಲಿಪೈನ್ಸ್ ಕಡೆ ಭಾಷೆ. ಕೆಲಸಕ್ಕೆ ಬೇಕಾಯ್ತದೆ."

"ಇಷ್ಟು ವರ್ಷ ಇಂಗ್ಲಿಷಲ್ಲೇ ಆಯ್ತಿತ್ತಲ್ಲರೀ."

"ಆಯ್ತಿತ್ತು" ಎಂದವನು ಅವಳ ಮುಖ ನೋಡದೆ ಕೆಳಗಿಳಿದು ಹೋದ.

ಆ ಇಳಿದುಹೋದ ರೀತಿ ಅವಳಿಗೆ ಸರಿಬರಲಿಲ್ಲ. ಇಂಗ್ಲಿಷ್ ಬಲ್ಲವರಿಗೆಂದೇ ಮಾಡಿದ ಸೆಬುವಾನೊ ಪಾಠಗಳನ್ನು ತಾನೂ ಹುಡುಕಿ, ಅಡುಗೆಮನೆಯಲ್ಲಿ ಕೇಳತೊಡಗಿದಳು. ಬೆಳಗಿನ ನಮಸ್ಕಾರಕ್ಕೆ ಮಾಯೊಂಗ್ ಬುಂತಾಗ್. ನೀರಿಗೆ ತುಬಿಗ್. ಅಲ್ಲ ಅನ್ನಲು ದಿಲಿ. ದಯವಿಟ್ಟು ಅನ್ನಲು ಪಾಲಿಹುಗ್. 'ಆಕೊ ಸಿ ಅನುಪಮಾ' ಅಂದರೆ ನಾನು ಅನುಪಮಾ. ಇಂಗ್ಲಿಷಿನ 'ಈಸ್', 'ಆಮ್' ಯಾವುದೂ ಅಲ್ಲಿ ಬೇಕಿಲ್ಲ, ಕನ್ನಡದ ಹಾಗೆಯೇ. ಬೇರೆ ಹೊತ್ತಿನಲ್ಲಾಗಿದ್ದರೆ ಇದು ಅವಳಿಗೆ ಖುಷಿ ಕೊಡುತ್ತಿತ್ತು. ಆದರೆ ಎಂಜಿನ್ ರೂಮಿನ ಕೆಲಸಕ್ಕೆ ಬೇಕಾದದ್ದು ಸ್ಪ್ಯಾನರು, ಬೋಲ್ಟು, ಎಣ್ಣೆ. ಗಂಡನ ಬಾಯಲ್ಲಿ ಅವೊಂದೂ ಕೇಳಿರಲಿಲ್ಲ.

ನಾಲ್ಕನೆಯ ಪಾಠದಲ್ಲಿ, ಅತ್ತೆ ಪಲ್ಲಂಗ ಎಂದುಕೊಂಡಿದ್ದ ಆ ಮಾತು ಸಿಕ್ಕಿತು. ಪಲಂಗ್ಗ: ಮುದ್ದಿನವರಿಗೆ, ಒಲಿದವರಿಗೆ ಹೇಳುವ ಮಾತು. ಒಲೆಯ ಮೇಲಿನ ಸಾರು ಉಕ್ಕಿ ಚೆಲ್ಲಿದ್ದು ಅವಳಿಗೆ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಬರಿಗಾಲಲ್ಲಿ ಮೆಟ್ಟಿಲು ಹತ್ತಿದಳು. ಫೋನಿನಲ್ಲಿ ಹೆಂಗಸೊಬ್ಬಳ ದನಿ. ಪಾಠದ ನಯವಾದ ದನಿಯಲ್ಲ, ಒರಟು, ಸಿಟ್ಟಿನದು. "ಪಾಲಿಹುಗ್, ಲೋರ್ನಾ" ಎಂದು ನಾಗೇಂದ್ರ ಬೇಡಿಕೊಳ್ಳುತ್ತಿದ್ದಂತೆ ಫೋನು ಕಟ್ಟಾಯಿತು. ತಿರುಗಿದರೆ ಹೆಂಡತಿ.

"ಲೋರ್ನಾ ಯಾರು?"

ಅವನು ಟ್ಯಾಂಕಿಗೆ ಒರಗಿ ಕುಳಿತ.

"ರೋಡೆಲ್ ಅಂತ ಇದ್ದ. ನನ್ ಜೊತೆ ಕೆಲಸ ಮಾಡೋನು. ಎಂಜಿನ್ ರೂಮಲ್ಲಿ ಏಣಿಯಿಂದ ಜಾರಿ ಬಿದ್ದ. ನನ್ ತೊಡೆ ಮೇಲೇ ಜೀವ ಹೋಯ್ತು ಕಣೆ. ಕೊನೇಲಿ ಅವನ ಭಾಷೇಲಿ ಏನೋ ಅಂದ. ಹಡಗಲ್ಲಿ ಅದು ತಿಳಿಯೋರು ಇನ್ಯಾರೂ ಇರ್ಲಿಲ್ಲ. ಬರೀ ಸದ್ದು ನೆನಪಿಟ್ಕಂಡು ಬಂದೆ. ಪಾಠ ಕೇಳ್ತಾ ಕೇಳ್ತಾ ಅರ್ಥ ಆಯ್ತು. 'ಲೋರ್ನಾಗೆ ಹೇಳು, ಅವಳಂದ್ರೆ ನಂಗೆ ಪ್ರಾಣ' ಅಂತ. ಲೋರ್ನಾ ಅವನ ಹೆಂಡ್ತಿ."

"ಆರು ವಾರ ಆಯ್ತು ನೀವು ಬಂದು. ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನಾಗ್ಲಿ, ಅವ್ವ ಆಗ್ಲಿ, ನನ್ನ ಇನ್ನೊಂದ್ಸಲ ಹಡಗು ಹತ್ತಕ್ ಬುಡ್ತಿದ್ರಾ?"

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದುದಕ್ಕೇ ಅವಳಿಗೆ ಅನುಮಾನ. ಆರು ವಾರ ಬಾಯಿ ಬಿಡದವನಿಗೆ ಕಥೆ ಕಟ್ಟುವುದು ಕಷ್ಟವೇ?

"ನಂಬರ್ ಕೊಡಿ. ನಾನೇ ಮಾತಾಡ್ತೀನಿ."

"ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ನನ್ ದನಿ ಕೇಳಿದ್ರೇ ಕಟ್ ಮಾಡ್ತಾಳೆ. ಗಂಡ ಸತ್ತೋಳ ಹಿಂದೆ ಬಿದ್ದಿರೋ ಯಾರೋ ಪೋಲಿ ಅಂತ ತಿಳ್ಕಂಡವಳೆ."

"ಕೊಡಿ."

ಅನುಪಮಾ ತನ್ನ ಫೋನಿನಿಂದ ವಿಡಿಯೊ ಕರೆ ಮಾಡಿದಳು. ಗಂಡನ ಸುಳ್ಳು ಹಿಡಿಯುವುದೇ ಅವಳ ಉದ್ದೇಶವಾಗಿತ್ತು. ತೆರೆಯ ಮೇಲೆ ಕೆದರಿದ ಕೂದಲಿನ, ಹುಬ್ಬು ಗಂಟಿಕ್ಕಿದ ಮುಖ ಬಂತು. ಆ ಕಣ್ಣಿನ ನೋಟ ಅನುಪಮಾಗೆ ಚೆನ್ನಾಗಿ ಗುರುತಿತ್ತು. ಕೆಲವು ದಿನಗಳಿಂದ ಕನ್ನಡಿಯಲ್ಲಿ ಅವಳು ಕಾಣುತ್ತಿದ್ದುದು ಅದನ್ನೇ.

"ಮಾಯೊಂಗ್ ಬುಂತಾಗ್. ಆಕೊ ಸಿ ಅನುಪಮಾ" ಎಂದಳು, ತಡವರಿಸುತ್ತ. "ಅಸಾವಾ ನಿ ನಾಗೇಂದ್ರ." ನಾಗೇಂದ್ರನ ಹೆಂಡತಿ.

"ಅಸಾವಾ?" ಲೋರ್ನಾ ಅವಳನ್ನು ದಿಟ್ಟಿಸಿದಳು. ಅಷ್ಟರಲ್ಲಿ ಮೆಣಸಿನಕಾಯಿ ಒಣಹಾಕಲು ಮೊರ ಹಿಡಿದು ಬಂದ ಮಂಚಮ್ಮನೂ ಹಿಂದಿನಿಂದ ಇಣುಕಿದಳು. ಆ ಮುದುಕಿಯನ್ನು ಕಂಡು ಲೋರ್ನಾಳ ಹುಬ್ಬು ತುಸು ಸಡಿಲವಾಯಿತು. ಅವಳು ಮೆಲ್ಲಗೆ ಒಂದು ಪ್ರಶ್ನೆ ಕೇಳಿದಳು.

"ಹುಬೊಗ್ ಬಾ ಸಿಯಾ?"

ಅನುಪಮಾಗೆ ಅದು ತಿಳಿಯಲಿಲ್ಲ. ನಾಗೇಂದ್ರ ಎದ್ದು ಫೋನಿನ ಮುಂದೆ ಬಂದ.

"ದಿಲಿ. ದಿಲಿ, ಲೋರ್ನಾ." ಹೆಂಡತಿಗೆ ಪಿಸುಗುಟ್ಟಿದ: "ಬಿದ್ದಾಗ ರೋಡೆಲ್ ಕುಡಿದಿದ್ನಾ ಅಂತಾವಳೆ. ಯಾರೋ ಹಂಗೆ ಹೇಳವರೆ. ಒಂದು ತೊಟ್ಟೂ ಕುಡಿದಿರ್ಲಿಲ್ಲ, ನಾನೇ ಪಕ್ಕದಲ್ಲಿದ್ದೆ."

ಆಮೇಲೆ ಸತ್ತವನ ಮಾತನ್ನು ಹೇಳಿದ. "ಇಂಗ್ನಾ ಸಿ ಲೋರ್ನಾ, ಪಲಂಗ್ಗ ನಾಕೊ ಸಿಯಾ."

ಲೋರ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಅನುಪಮಾ ಫೋನನ್ನು ನೋಡುತ್ತಿರಲಿಲ್ಲ. ಗಂಡನ ಮುಖ ನೋಡುತ್ತಿದ್ದಳು. ಅವನ ಗದ್ದ ನಡುಗುತ್ತಿತ್ತು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ಅದನ್ನು ಕಂಡಿರಲಿಲ್ಲ. ಸುಳ್ಳು ಹೇಳುವ ಮುಖ ಅದಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಲೋರ್ನಾ ಅಳುತ್ತಲೇ ಇನ್ನೊಮ್ಮೆ ಹೇಳಿಸಿಕೊಂಡಳು, ಮತ್ತೊಮ್ಮೆ ಹೇಳಿಸಿಕೊಂಡಳು. ಕೊನೆಗೆ "ಸಲಾಮತ್" ಎಂದು ಅನುಪಮಾಳಿಗೆ ಧನ್ಯವಾದ ಹೇಳಿದಳು. ಕರೆ ಮುಗಿಯಿತು.

"ಯಾರ್ಲಾ ಮಗಾ ಸತ್ತೋದೋರು?" ಮಂಚಮ್ಮ ಕೇಳಿದಳು. ಭಾಷೆ ತಿಳಿಯದಿದ್ದರೂ ಆ ಅಳು ಎಂಥದೆಂದು ಅವಳಿಗೆ ಗೊತ್ತಾಗಿತ್ತು.

ನಾಗೇಂದ್ರ ಮತ್ತೆ ಟ್ಯಾಂಕಿಗೆ ಒರಗಿ ಕುಳಿತ. ಅನುಪಮಾ ಗಂಡನ ಪಕ್ಕ ಬಿಸಿಲಲ್ಲೇ ಕುಳಿತಳು.

"ಹಡಗಲ್ಲಿ ಇನ್ನೂ ಏನೇನಾಗೈತೆ ರೀ, ನೀವು ನಮಗೆ ಹೇಳದೆ ಇರೋದು?"

ನಾಗೇಂದ್ರ ತಾಯಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಆಮೇಲೆ ಮೊದಲನೇ ಪ್ರಯಾಣದಿಂದ ಶುರುಮಾಡಿದ.