ನಬೀಸಾಬನ ಉಗುರು

"ನೀವಾ ಚಲೋ ಅದ ಅಂದಿದ್ದ ಕ್ರ್ಯಾಂಕ್ ಇದು, ಹೌದಲ್ರಿ ಅಣ್ಣಾರ?" ಬಸವಂತಮ್ಮ ಕೇಳಿದಳು.

ಎಂಜಿನ್ ಮಿಸ್ತ್ರಿ ನಬೀಸಾಬ್ ಮಾನ್ವಿ ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಡೀಸೆಲ್‌ನಲ್ಲಿ ಅದ್ದಿದ ಅರಿವೆಯಿಂದ ಕ್ರ್ಯಾಂಕ್ ಒರೆಸುತ್ತಿದ್ದ. ಕುರ್ಡಿ ಊರಿನಲ್ಲಿ ಬಸವಂತಮ್ಮನ ಖಾರದ ಗಿರಣಿ ಓಡಿಸುವ ಎಂಜಿನ್ನಿನೊಳಗೆ ತಿರುಗುವ ದಂಡ ಅದು. ಎಂಟು ದಿನದ ಹಿಂದಷ್ಟೇ ಅವನೇ ಎಂಜಿನ್ ಬಿಚ್ಚಿ, ಬೇರಿಂಗ್ ಹೊಸದು ಹಾಕಿ, ಕ್ರ್ಯಾಂಕ್ ಹಳೆಯದೇ ನಡೆಯುತ್ತದೆ ಎಂದು ಜೋಡಿಸಿ ಕಳಿಸಿದ್ದ. ಈಗ ಆ ಹೊಸ ಬೇರಿಂಗ್ ಸುಟ್ಟು ಚೂರಾಗಿ ತಗಡಿನ ಮೇಲೆ ಬಿದ್ದಿತ್ತು.

ಹಳೆ ಕ್ರ್ಯಾಂಕ್ ಮತ್ತೆ ನಡೆಯುತ್ತದೋ ಇಲ್ಲವೋ ಎಂದು ಹೇಳುವುದರಲ್ಲಿ ನಬೀಸಾಬನನ್ನು ಮೀರಿಸುವವರು ಗಬ್ಬೂರಿನಿಂದ ಮಾನ್ವಿತನಕ ಇರಲಿಲ್ಲ. ಲೇತ್ ಅಂಗಡಿಯವರು ಅಳತೆಗೆ ಕಣ್ಣು ಕಿರಿದು ಮಾಡುವಷ್ಟರಲ್ಲಿ ಇವನು ಬೇರಿಂಗ್ ಕೂರುವ ಜಾಗದ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡ ಎಳೆದುಬಿಡುತ್ತಿದ್ದ. ಉಗುರು ಜಾರಿತೋ, "ಹಾಕ್ರಿ, ನಡೀತದ." ತೊಡರಿತೋ, "ಗೀರು ಅದ, ಬೇರಿಂಗ್ ತಿಂತದ. ಹೊಸದು ತರ್ರಿ." ನಲವತ್ತು ವರ್ಷದಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅದರ ಹೆಮ್ಮೆಯೂ ಅಷ್ಟಿಷ್ಟಲ್ಲ! ಮಗಳ ಮದುವೆಯ ದಿನ ಯಾರೋ ಶಾಮಿಯಾನದ ಹಿಂದೆ ಕ್ರ್ಯಾಂಕ್ ಹಿಡಿದು ನಿಂತಾಗ, ಊಟದ ಪಂಕ್ತಿ ಬಿಟ್ಟು ಹೋಗಿ ಉಗುರು ಎಳೆದು ಬಂದಿದ್ದ ಮನುಷ್ಯ ಅವನು.

"ವರ್ಷದ ಖಾರ ಕುಟ್ಟಿಸೋ ದಿನಾ ಇವು," ಬಸವಂತಮ್ಮನ ದನಿ ಏರಿತು. "ಹನ್ನೊಂದು ಚೀಲ ಮೆಣಸಿನಕಾಯಿ ಗಿರಣಿ ಮುಂದ ಬಿದ್ದಾವ. ಹೆಣ್ಣುಮಗಳ ಕೈಯಾಗಿನ ಗಿರಣಿ ಹಿಂಗಾ ಅಂತ ಮಂದಿ ನಗಾಕತ್ತ್ಯಾರ. ನೀವು ಅಂದ್ರಿ, ನಾ ಮರುಮಾತಾಡಲಿಲ್ಲ."

"ಎಣ್ಣಿ ಕಡಿಮಿ ಆಗಿರಬೇಕವಾ."

"ದಿನಾ ಮುಂಜಾನಿ ಎಣ್ಣಿ ನೋಡಾಕಿ ನಾನಾ!"

ಆಡಿದ ಮಾತಿಗೆ ಅವನಿಗೇ ನಾಚಿಕೆಯಾಯಿತು. ಒರೆಸಿದ ಜಾಗದ ಮೇಲೆ ಉಗುರು ಎಳೆದ. ನುಣುಪು. ಮತ್ತೆ ಎಳೆದ. ನುಣುಪೇ. ಸಂಶಯದಿಂದ ಕ್ರ್ಯಾಂಕನ್ನು ಬಾಗಿಲ ಬಿಸಿಲಿಗೆ ಒಯ್ದ. ಸುತ್ತಲೂ ಕಪ್ಪು ಗೀರುಗಳು, ಬಳೆ ಇಟ್ಟ ಹಾಗೆ. ಕಣ್ಣಿಗೆ ಕಾಣುತ್ತಿವೆ! ಅವುಗಳ ಮೇಲೆಯೇ ಉಗುರು ಎಳೆದ. ಏನೂ ಇಲ್ಲ. ಎಡಗೈಯಿಂದ ಎಳೆದ. ಅದಕ್ಕೂ ಏನೂ ಇಲ್ಲ.

"ತಂಗೀ, ಇದರ ಮ್ಯಾಲ ಒಮ್ಮಿ ನೀ ಉಗುರು ಎಳಿ."

"ನಂಗೇನ್ ತಿಳೀತದ್ರಿ?"

"ಎಳಿಯವಾ."

ಬಸವಂತಮ್ಮ ಎಳೆದಳು. ಟಿಕ್ ಎಂದಿತು. ಮತ್ತೊಂದು ಕಡೆ ಎಳೆದಳು. ಅಲ್ಲಿಯೂ ಟಿಕ್. "ಇಲ್ಲಿ ಉಗುರು ತೊಡರ್ತದಲ್ರಿ. ಇಲ್ಲೂ ಒಂದದ. ಸಣ್ಣ ಕೂಸಿಗೂ ತಿಳೀತದ..." ಎಂದವಳು ಅವನ ಮುಖ ನೋಡಿ ಕೈ ಹಿಂತೆಗೆದಳು.

ನಬೀಸಾಬನ ಸಕ್ಕರೆ ಕಾಯಿಲೆಗೆ ಹನ್ನೊಂದು ವರ್ಷ. ಕಾಲು ಜೋಮು ಹಿಡಿದದ್ದು ಅವನಿಗೆ ಗೊತ್ತಿತ್ತು. ದಾರಿಯಲ್ಲಿ ಚಪ್ಪಲಿ ಕಳಚಿದರೂ ತಿಳಿಯುತ್ತಿರಲಿಲ್ಲ. ಕಳೆದ ತಿಂಗಳು ಕಾದ ಹಂಚಿನ ಅಂಚು ಹಿಡಿದು ನಿಂತಿದ್ದಾಗ ಹೆಂಡತಿ ಹೀರಾಬಿ "ಅಜೀ, ಹಾತ್ ಜಲ್‌ರಾ!" ಎಂದು ಚೀರಿ ಕೈ ಎಳೆದಿದ್ದಳು. ಕಬ್ಬಿಣ ಹಿಡಿದೂ ಹಿಡಿದೂ ಕೈ ಕಬ್ಬಿಣವಾಗಿದೆ ಎಂದು ನಕ್ಕುಬಿಟ್ಟಿದ್ದ. ಈಗ, ಅಂದಿನಿಂದ ಎಷ್ಟು ಮಂದಿಗೆ "ಹಾಕ್ರಿ, ನಡೀತದ" ಅಂದಿದ್ದೇನೆ ಎಂದು ನೆನೆದು ಗಾಬರಿಯಾಯಿತು.

"ತಪ್ಪು ನಂದವಾ," ಎಂದ. "ಎಣ್ಣಿದಲ್ಲ, ನಿಂದಲ್ಲ. ನನ್ನ ಕೈ ಸತ್ತಾವ."

"ಹಂಗನಬ್ಯಾಡ್ರಿ ಅಣ್ಣಾರ." ಜಗಳಕ್ಕೆಂದೇ ಬಸ್ ಹತ್ತಿ ಬಂದಿದ್ದ ಬಸವಂತಮ್ಮನಿಗೆ ಅಳು ಬಂತು.

"ಹೊಸಾ ಕ್ರ್ಯಾಂಕ್ ರಾಯಚೂರಿಂದ ನಾನಾ ತರತೀನಿ. ನಾಳಿ ಸಂಜಿಕ ನಿನ್ನ ಗಿರಣಿ ನಡೀತದ."

ಅಷ್ಟರಲ್ಲಿ ಗಬ್ಬೂರಿನ ಹನುಮಂತ್ರಾಯ ಬಂದ. ಪಂಪಿನ ಎಂಜಿನ್ನಿನ ಕ್ರ್ಯಾಂಕನ್ನು ಟವೆಲಿನಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತಿದ್ದ. "ಮಿಸ್ತ್ರಿ, ಲಗೂ ಉಗುರು ಎಳೀರಿ. ಹೊಳ್ಳಿ ಹೋಗೋ ಬಸ್ ನಿಂತದ."

"ಲೇತಿನೋರ ಹತ್ತಿರ ಅಳತಿ ಹಿಡಿಸು ಹನುಮಂತ್ರಾಯ. ನನಗ ತಿಳಿಯಂಗಿಲ್ಲ."

ಹನುಮಂತ್ರಾಯ ಶೆಡ್ಡು ತುಂಬುವ ಹಾಗೆ ನಕ್ಕ. "ಕೇಳಿದ್ಯೇನವಾ? ನಬೀಸಾಬ್ ಮಿಸ್ತ್ರಿಗಿ ತಿಳಿಯಂಗಿಲ್ಲಂತ!"

ಬಸವಂತಮ್ಮ ತಲೆ ತಗ್ಗಿಸಿದಳು. ಹನುಮಂತ್ರಾಯ ಟವೆಲ್ ಬಿಚ್ಚಿದ. ನಗುತ್ತಲೇ ನಬೀಸಾಬನ ಕೈ ಹಿಡಿದೆಳೆದು, ಹೆಬ್ಬೆರಳನ್ನು ತಾನೇ ಕ್ರ್ಯಾಂಕಿನ ಮೇಲೆ ಒತ್ತಿ, ಅವನ ಮುಖ ನೋಡುತ್ತ ನಿಂತ.

"ಹಾಂ, ಹೇಳ್ರಿ."